ಎಂಬತ್ತಾರನೆಯ ಪುಟದವರೆಗೆ

ತೊಂಬತ್ತೆರಡರಲ್ಲಿ, ರಿಯೋನಿ ದಂಡೆಯ ನಮ್ಮೂರಲ್ಲಿ
ಎಲೆ ಉದುರುವ ಹೊತ್ತಿಗೆ ಕರೆಂಟು ಹೋಯಿತು.
ಚಳಿಗಾಲ ಬಂತು, ಅದು ಬರಲಿಲ್ಲ.
ಬ್ರೆಡ್ಡಿನ ಕ್ಯೂನಲ್ಲಿ ನಿಂತು ನಿಂತು
ನಮ್ಮ ಬೂಟುಗಳಿಗೂ ಹಸಿವು; ಬಾಯಿ ಬಿಟ್ಟಿದ್ದವು.

ಗ್ರಂಥಾಲಯದಲ್ಲಿ ಮಾತ್ರ
ಶನಿವಾರ ಮಧ್ಯಾಹ್ನ ಒಂದು ಮೇಣದ ಬತ್ತಿ.
ನಾಜಿಬ್ರೋಲಾ ಪಾಠ ಹೇಳಿದವಳಲ್ಲ, ಆದರೂ ನಮಗವಳು ಟೀಚರು.
ಒಂದರ ಮೇಲೊಂದು ಎರಡು ಕೋಟು,
ಬೆರಳು ತೂತಾದ ಕೈಗವಸು,
ಕಿವಿಯ ಹಿಂದೆ ಸದಾ ಒಂದು ಪೆನ್ಸಿಲ್ಲು.
ಗೋಚಾ, ತ್ಸಿಯಾಲಾ, ಬಾದ್ರಿ, ನಾನು,
ಜೊತೆಗೆ ಬೀದಿಯ ಇನ್ನಷ್ಟು ಸೋರುವ ಮೂಗುಗಳು.
ಚೀಟಿ ಕೊಟ್ಟು ಹೇಳುವಳು: "ಬಿಡಿಸಿ."

"ಹೊಟ್ಟೆ ತುಂಬ ಬೂದಿ, ಬಾಯಿಗೊಂದು ಕದ,
ಮೂಗು ಮಾತ್ರ ಕಿಟಕಿಯಾಚೆ."
ಓಡಿದೆವು, ತಣ್ಣಗೆ ಕೂತ ಕಬ್ಬಿಣದ ಒಲೆಯ ಹಿಂದಕ್ಕೆ.
ಅಲ್ಲಿ ಇನ್ನೊಂದು ಚೀಟಿ:
"ಮೂವತ್ತಮೂರು ಮಂದಿ ಒಡಹುಟ್ಟಿದವರು,
ರಾಜನ ಹೆಸರು ಬರೆದರೂ ಒಬ್ಬರೂ ಎದ್ದು ನಿಲ್ಲರು."
ತ್ಸಿಯಾಲಾ ತಲೆ ಕೆರೆದಳು. ಹೇನಿರಬೇಕು ಎಂದ ಬಾದ್ರಿ,
ಒದೆ ತಿಂದ. ಆಮೇಲೆ ಅವನಿಗೇ ಹೊಳೆಯಿತು:
ನಮ್ಮ ಜಾರ್ಜಿಯನ್ ಅಕ್ಷರಗಳು!
ದ್ರಾಕ್ಷಿ ಬಳ್ಳಿಯ ಕುಡಿಯಂತೆ ಸುರುಳಿ ಸುರುಳಿ,
ದೊಡ್ಡಕ್ಷರವೆಂಬ ಜಂಬ ಒಂದಕ್ಕೂ ಇಲ್ಲ.
ಮೂವತ್ತಮೂರನೆಯ ಕಪಾಟಿಗೆ ನುಗ್ಗಿದರೆ ಮತ್ತೂ ಒಂದು:
"ಮುಚ್ಚಿದರೆ ಪೆರು ಹೋಗಿ ಜಪಾನಿಗೆ ಮುತ್ತಿಡುತ್ತೆ."
ಅಟ್ಲಾಸು, ಅಟ್ಲಾಸು! ಧೂಳು ಕುಡಿದು ಕೆಮ್ಮುತ್ತ
ನಾಲ್ವರೂ ಜಗ್ಗಿದೆವು ಕೆಳಕ್ಕೆ.

ಆಟಕ್ಕಿದ್ದದ್ದು ಒಂದೇ ಕಟ್ಟಳೆ.
ಸಿಕ್ಕಿದ ಪುಸ್ತಕ ಕೋಟಿನೊಳಗೆ, ಮನೆಗೆ.
ಮುಂದಿನ ವಾರ ಕಥೆ ತನ್ನಿ, ಪುಸ್ತಕ ತರಬೇಡಿ.
"ಯಾಕೆ?" ಅಂದ ಗೋಚಾ.
"ಅದೂ ಒಂದು ಒಗಟು," ಅಂದಳು,
ಉದ್ದನೆಯ ಖಾತೆ ಪುಸ್ತಕದಲ್ಲಿ ಏನೋ ಗೀಚುತ್ತ.

ಕಪಾಟುಗಳ ಹಲ್ಲುದುರುತ್ತ ಬಂತು.
ನಾವು ಗಮನಿಸಲಿಲ್ಲ. ಕಥೆಯ ಮಕ್ಕಳೂ ಹಾಗೇ,
ನೆಲಮಾಳಿಗೆಯ ಗುಟ್ಟೆಲ್ಲ ಬಯಲಿಗೆಳೆಯುವರು,
ಎದುರಿಗಿರುವ ದೊಡ್ಡವರ ಮುಖ ಮಾತ್ರ ನೋಡರು.

ಫೆಬ್ರವರಿಯಲ್ಲಿ ಬಂದೂಕಿನವರು ಬಂದರು.
ಯಾರ ಕಡೆಯವರೆಂದು ಅವರಿಗೂ ಸರಿಯಾಗಿ ತಿಳಿದಿರಲಿಲ್ಲ,
ಚಳಿ ಮಾತ್ರ ಎಲ್ಲರ ಕಡೆಯದು.
ಕಪಾಟು ಸೀಳಿ ಒಲೆಗಿಟ್ಟರು, ಕಾಗದ ಹುಡುಕಿದರು.
ಉಳಿದಿದ್ದದ್ದು ಪಕ್ಷದ ಅಧಿವೇಶನಗಳ ಭಾಷಣ,
ಕೆಂಪು ರಟ್ಟಿನ ನಲವತ್ತು ಸಂಪುಟ;
ಟೀಚರು ಬೇಕೆಂದೇ ಬಿಟ್ಟದ್ದು.
ಮೂರು ವಾರ ಉರಿದವಂತೆ. ಅಷ್ಟು ಬಿಸಿ
ಆ ಮಾತುಗಳಲ್ಲಿ ಮೊದಲೆಂದೂ ಇರಲಿಲ್ಲ, ಅಂದ ಬಾದ್ರಿಯ ಅಪ್ಪ.

ಅವರು ಹೋದ ಮೇಲೆ, ಏಪ್ರಿಲಿನಲ್ಲಿ,
ಬರಿಗೋಡೆಗಳ ನಡುವೆ ಒಂದು ಕುರ್ಚಿ, ಖಾತೆ ಪುಸ್ತಕ, ಅವಳು.
ಬಾಗಿಲಿಗೆ ಅಂಟಿಸಿದ ಕೊನೆಯ ಚೀಟಿ:
"ನೂರಾರು ಮಂಚದಡಿ ಮಲಗಿದ್ದು
ಇಂದು ಎದ್ದು ಮನೆಗೆ ಬರಬೇಕು. ಯಾರು?"
ಬೀದಿಗೆ ಬೀದಿಯೇ ಉತ್ತರ ಹೊತ್ತು ಬಂತು,
ಕೈಗಾಡಿಯಲ್ಲಿ, ದಿಂಬಿನ ಚೀಲದಲ್ಲಿ,
ಅಟ್ಲಾಸು ಯಾರದೋ ತೊಟ್ಟಿಲಿನಲ್ಲಿ.

ಸಾಲಿನಲ್ಲಿ ನಾನೊಬ್ಬಳೇ ಬರಿಗೈ.
ಜನವರಿಯ ಒಂದು ರಾತ್ರಿ, ತಮ್ಮನಿಗೆ ಜ್ವರ,
ಕಟ್ಟಿಗೆಯೆಲ್ಲ ಹಸಿ. ಅಜ್ಜಿ ಏನೂ ಹೇಳದೆ
ನನ್ನ ಕೈಯಿಂದ ಅದನ್ನು ತೆಗೆದುಕೊಂಡಿದ್ದಳು.
ಹಾಳೆ ಹಾಳೆಯಾಗಿ.
ನೀರು ಕಾದಿತ್ತು.

ಹೇಳಿದೆ. ಅವಳು ಬೈಯಲಿಲ್ಲ, ತಲೆ ಸವರಲೂ ಇಲ್ಲ.
"ಎಲ್ಲಿಯವರೆಗೆ ಓದಿದ್ದೆ?"
"ಎಂಬತ್ತಾರು."
"ಕೂತುಕೋ. ಹೇಳು."
ಹೇಳುತ್ತ ಹೋದೆ: ಮಂಜಿನ ಬಂದರು, ಅವಳಿ ಮಕ್ಕಳು,
ಇದ್ದಕ್ಕಿದ್ದಂತೆ ಆರಿಹೋದ ದೀಪಸ್ತಂಭ,
ಅದರ ಬೀಗದ ಕೈ ಕದ್ದವರು ಮೂವರಲ್ಲಿ ಒಬ್ಬರು,
ಹೆಂಚಿನವನೋ, ದಾದಿಯೋ, ಕಿವುಡ ಅಂಚೆಯವನೋ...
ನನ್ನ ಹೆಸರಿನ ಮುಂದೆ ಪೆನ್ಸಿಲ್ಲು ಬರೆಯಿತು:
'ಎಂಬತ್ತಾರು ಪುಟ, ಹುಡುಗಿಯ ಹತ್ತಿರ ಇದೆ.'

ಆ ಪುಸ್ತಕದ ಇನ್ನೊಂದು ಪ್ರತಿ
ಎಲ್ಲಾದರೂ ಇದ್ದೀತು. ನಾನು ಹುಡುಕಿಲ್ಲ.
ಬೀಗದ ಕೈ ಯಾರ ಜೇಬಿನಲ್ಲಿತ್ತೋ.
ನನಗೆ ದಾದಿಯ ಮೇಲೆ ಸಂಶಯ.
ತಮ್ಮ ಮಾತ್ರ, ಆ ರಾತ್ರಿ ಬಿಸಿನೀರು ಕುಡಿದವನು,
ಖಂಡಿತ ಅಂಚೆಯವನೇ ಅಂತಾನೆ.
ಅವನು ಒಂದು ಪುಟವನ್ನೂ ಓದಿಲ್ಲ.